ಶಾಲಾ ಸಿಬ್ಬಂದಿಗೆ, ಸಮುದಾಯಕ್ಕೆ ತಂತ್ರಜ್ಞಾನ ತರಬೇತಿ: ಯಂತ್ರಗಳ ತಪಾಸಣೆಯಿಂದ ತರಬೇತಿಯ ನಂತರದ ನೆರವಿನವರೆಗೆ

ಶಾಲೆಗೆ ಕಂಪ್ಯೂಟರ್‌ಗಳು ಬರುತ್ತವೆ, ಎರಡು ದಿನ ತರಬೇತಿ ನಡೆಯುತ್ತದೆ, ಹಾಜರಿ ಪಟ್ಟಿಗೆ ಎಲ್ಲರೂ ಸಹಿ ಹಾಕುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಕೊಠಡಿಗೆ ಬೀಗ ಬಿದ್ದು, ಅಂಕಪಟ್ಟಿಗಳು ಮತ್ತೆ ಕೈಬರಹದಲ್ಲೇ ತಯಾರಾಗುತ್ತಿರುತ್ತವೆ. ಶಿಕ್ಷಕರಿಗೆ ಆಸಕ್ತಿಯಿಲ್ಲ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ನಾನು ಹತ್ತಿರದಿಂದ ನೋಡಿದ ಹೆಚ್ಚಿನ ಪ್ರಸಂಗಗಳಲ್ಲಿ ಹಿಂದಿನ ವಾರವೇ ಮುಗಿಯಬೇಕಾಗಿದ್ದ ಕೆಲಸಗಳು ತರಬೇತಿಯ ದಿನದ ಮೇಲೆ ಬಂದು ಬಿದ್ದಿದ್ದವು. ತರಬೇತಿಯ ನಂತರ ಆಗಬೇಕಾಗಿದ್ದ ಕೆಲಸಗಳು ಆಗಲೇ ಇಲ್ಲ. ಆದ್ದರಿಂದ ಈ ಮಾರ್ಗದರ್ಶಿಯು ಅನುಕ್ರಮಕ್ಕೆ ಹೆಚ್ಚಿನ ಒತ್ತು ಕೊಡುತ್ತದೆ. ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಬೇಕು. ಒಂದು ಹಂತ ಅರ್ಧಕ್ಕೆ ನಿಂತಿದ್ದರೆ ಮುಂದಿನದಕ್ಕೆ ಹೋಗುವುದಕ್ಕಿಂತ ತರಬೇತಿಯ ದಿನಾಂಕವನ್ನು ಮುಂದೂಡುವುದೇ ಲೇಸು.

ಪೂರ್ವಸಿದ್ಧತೆಗೆ ಬೇಕಾಗುವ ಸಾಮಗ್ರಿ

ಒಂದು ದಾಸ್ತಾನು ಪುಸ್ತಕ, 16 ಜಿಬಿ ಅಥವಾ ಹೆಚ್ಚು ಸಾಮರ್ಥ್ಯದ ಎರಡು ಪೆನ್‌ಡ್ರೈವ್, ಒಂದು ಹೊರಗಿನ ಹಾರ್ಡ್‌ಡಿಸ್ಕ್, ಪ್ಲಸ್ (+) ಆಕಾರದ ತುದಿಯ ಸ್ಕ್ರೂಡ್ರೈವರ್, ಧೂಳು ತೆಗೆಯಲು ಮೆತ್ತನೆಯ ಕುಂಚ, ಸಿಆರ್2032 ಸಂಖ್ಯೆಯ ನಾಣ್ಯದಾಕಾರದ ಕೆಲವು ಬ್ಯಾಟರಿಗಳು, ಒಂದೆರಡು ಹೆಚ್ಚುವರಿ ಮೌಸ್ ಹಾಗೂ ಕೀಬೋರ್ಡ್, ಪ್ರತಿ ಯಂತ್ರಕ್ಕೂ ಅಂಟಿಸಲು ಸಂಖ್ಯೆಯ ಚೀಟಿಗಳು. ಇವುಗಳ ಜೊತೆಗೆ, ಪ್ರತಿದಿನ ಒಂದು ಗಂಟೆಯನ್ನು ಈ ಕೆಲಸಕ್ಕೆಂದೇ ಮೀಸಲಿಡಬಲ್ಲ ಇಬ್ಬರು ವ್ಯಕ್ತಿಗಳು ಬೇಕು. ಒಬ್ಬರೇ ಸಾಲದು, ಕಾರಣ ಕೊನೆಯ ಹಂತದಲ್ಲಿದೆ.

ಹಂತ 1: ಕೆಲಸಗಳ ಪಟ್ಟಿ ಮಾಡಿಕೊಳ್ಳುವುದು

ಯಾವ ತಂತ್ರಾಂಶ ಕಲಿಸಬೇಕು ಎಂದು ಯೋಚಿಸುವುದಕ್ಕೆ ಮೊದಲು, ಸಿಬ್ಬಂದಿ ಪ್ರತಿ ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ವ್ಯಯಿಸುತ್ತಿದ್ದಾರೆ ಎಂಬುದನ್ನು ಬರೆದುಕೊಳ್ಳಬೇಕು. ಪ್ರಶ್ನಾವಳಿ ಹಂಚಿದರೆ ಎಲ್ಲರೂ ‘ಎಂಎಸ್ ಆಫೀಸ್ ಕಲಿಯಬೇಕು’ ಎಂದು ಬರೆದುಕೊಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಪ್ರತಿಯೊಬ್ಬರ ಬಳಿ ಹತ್ತು ನಿಮಿಷ ಕುಳಿತು, ಕಳೆದ ವಾರ ಯಾವ ಕಾಗದಪತ್ರ ತಯಾರಿಸಿದಿರಿ, ಯಾವುದನ್ನು ಎರಡು ಸಲ ಬರೆಯಬೇಕಾಯಿತು, ಯಾವುದಕ್ಕಾಗಿ ಬೇರೆಯವರ ನೆರವು ಕೇಳಿದಿರಿ ಎಂಬ ಮೂರೇ ಪ್ರಶ್ನೆಗಳನ್ನು ಕೇಳಬೇಕು.

ಉತ್ತರಗಳು ಬಹುತೇಕ ಒಂದೇ ಬಗೆಯವು: ಅಂಕಗಳ ಮೊತ್ತ ಮತ್ತು ಶ್ರೇಣಿ, ಪ್ರಶ್ನೆಪತ್ರಿಕೆ, ಪೋಷಕರಿಗೆ ಸೂಚನಾಪತ್ರ, ವೇಳಾಪಟ್ಟಿ, ದಾಖಲೆ ಸ್ಕ್ಯಾನ್ ಮಾಡಿ ಕಳುಹಿಸುವುದು, ಪಾಠಕ್ಕೆ ಬೇಕಾದ ಚಿತ್ರ ಮತ್ತು ವಿಡಿಯೊ ಹುಡುಕುವುದು. ಇವುಗಳಲ್ಲಿ ಐದನ್ನು ಮಾತ್ರ ಆರಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಐದಕ್ಕಿಂತ ಹೆಚ್ಚು ಕೆಲಸಗಳನ್ನು ಹಿಡಿದುಕೊಂಡ ತರಬೇತಿ ಯಶಸ್ವಿಯಾದುದನ್ನು ನಾನು ಕಂಡಿಲ್ಲ.

ಎಚ್ಚರಿಕೆಯ ಸೂಚನೆ: ಪಟ್ಟಿಯಲ್ಲಿ ಕೆಲಸಗಳ ಬದಲು ‘ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಇಂಟರ್ನೆಟ್’ ಎಂದು ತಂತ್ರಾಂಶಗಳ ಹೆಸರುಗಳೇ ಇದ್ದರೆ ಈ ಹಂತ ಇನ್ನೂ ಮುಗಿದಿಲ್ಲ.

ಹಂತ 2: ಇರುವ ಯಂತ್ರಗಳ ತಪಾಸಣೆ

ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಕೊಟ್ಟು, ಅದರ ಎದುರು ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು, (ವಿಂಡೋಸ್‌ನಂತಹ) ಕಾರ್ಯಾಚರಣಾ ವ್ಯವಸ್ಥೆ ಯಾವುದು, ಆನ್ ಮಾಡಿದ ಎಷ್ಟು ನಿಮಿಷಗಳಿಗೆ ಕೆಲಸಕ್ಕೆ ಸಿದ್ಧವಾಗುತ್ತದೆ ಎಂಬ ನಾಲ್ಕು ವಿವರಗಳನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆನ್ ಆಗಲು ಐದಾರು ನಿಮಿಷ ತೆಗೆದುಕೊಳ್ಳುವ ಯಂತ್ರವನ್ನು, ಎರಡು ತರಗತಿಗಳ ನಡುವಿನ ಬಿಡುವಿನಲ್ಲಿ ಯಾವ ಶಿಕ್ಷಕರೂ ಮುಟ್ಟುವುದಿಲ್ಲ. ಅಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ತಿರುಗುವ ಹಾರ್ಡ್‌ಡಿಸ್ಕ್ ಇರುತ್ತದೆ. ಅದನ್ನು ತೆಗೆದು, ತಿರುಗುವ ಭಾಗವಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿದರೆ ಅದೇ ಹಳೆಯ ಯಂತ್ರ ಒಂದು ನಿಮಿಷದೊಳಗೆ ತೆರೆದುಕೊಳ್ಳಬಹುದು. ಹಣ ಸ್ವಲ್ಪವೇ ಇದ್ದರೆ ಹೊಸ ಯಂತ್ರಕ್ಕಿಂತ ಮೊದಲು ಇದಕ್ಕೆ ಖರ್ಚು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದಾಗಿ, ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾಗುವುದರಿಂದ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಅದಕ್ಕೆ ಅರ್ಹವಾಗುವುದಿಲ್ಲ. ಅವುಗಳನ್ನು ಗುಜರಿಗೆ ಹಾಕಬೇಕಾಗಿಲ್ಲ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಉಚಿತವಾಗಿ ಸಿಗುವ ಕಾರ್ಯಾಚರಣಾ ವ್ಯವಸ್ಥೆಗಳಾದ ಲಿನಕ್ಸ್ ಮಿಂಟ್ ಅಥವಾ ಕ್ರೋಮ್‌ಓಎಸ್ ಫ್ಲೆಕ್ಸ್ ಚೆನ್ನಾಗಿಯೇ ಓಡುತ್ತದೆ. ಎರಡನ್ನೂ ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಲು ಸಾಧ್ಯವಿದೆ. ಪ್ರಿಂಟರ್, ವೈಫೈ, ಧ್ವನಿ ಈ ಮೂರೂ ಕೆಲಸ ಮಾಡುತ್ತವೆಯೇ ಎಂದು ಹೀಗೆ ಪರೀಕ್ಷಿಸಿದ ನಂತರವೇ ಡಿಸ್ಕ್‌ಗೆ ಸ್ಥಾಪಿಸಬೇಕು.

ಮೂರನೆಯ ತಪಾಸಣೆ ಗಡಿಯಾರದ್ದು. ಬೇಸಿಗೆ ರಜೆಯಿಡೀ ಮುಚ್ಚಿಟ್ಟಿದ್ದ ಯಂತ್ರವನ್ನು ಆನ್ ಮಾಡಿದಾಗ ಪರದೆಯ ಮೂಲೆಯಲ್ಲಿ ಹತ್ತು ಹದಿನೈದು ವರ್ಷ ಹಿಂದಿನ ದಿನಾಂಕ ಕಾಣಿಸುತ್ತದೆ. ಬ್ರೌಸರ್ ತೆರೆದರೆ ಯಾವ ಜಾಲತಾಣಕ್ಕೆ ಹೋದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಎಲ್ಲರೂ ಇಂಟರ್ನೆಟ್ ಕೆಟ್ಟಿದೆಯೆಂದು ಭಾವಿಸಿ ರೂಟರ್ ಅನ್ನು ಆಫ್ ಮಾಡಿ ಆನ್ ಮಾಡುತ್ತ ಅರ್ಧ ದಿನ ಕಳೆಯುತ್ತಾರೆ. ಅಲ್ಲಿ ಕೆಟ್ಟಿರುವುದು ಮದರ್‌ಬೋರ್ಡ್‌ನ ಮೇಲಿನ, ಗಡಿಯಾರವನ್ನು ನಡೆಸುವ ಸಿಆರ್2032 ಬ್ಯಾಟರಿ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ಯಂತ್ರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಬ್ಯಾಟರಿ ಬದಲಾಯಿಸಿ ದಿನಾಂಕ ಸರಿಪಡಿಸಿದರೆ ಹತ್ತು ನಿಮಿಷದ ಕೆಲಸ.

ಹಂತ 3: ವಿದ್ಯುತ್ ಮತ್ತು ಜಾಲ

ವಿದ್ಯುತ್ತಿನ ವಿಷಯದಲ್ಲಿ ಎರಡೇ ಮಾತು. ಸಣ್ಣ ಯುಪಿಎಸ್ ಇರುವುದು ಕೆಲಸ ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ, ತರಗತಿ ಮುಂದುವರಿಸುವುದಕ್ಕಲ್ಲ. ಲೇಸರ್ ಪ್ರಿಂಟರ್ ಅನ್ನು ಯುಪಿಎಸ್‌ಗೆ ಜೋಡಿಸಬಾರದು, ಏಕೆಂದರೆ ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ನಿಂತುಹೋಗುತ್ತದೆ.

ಜಾಲದ ವಿಷಯ ಹಾಗೆ ಎರಡು ಮಾತಿನಲ್ಲಿ ಮುಗಿಯುವುದಿಲ್ಲ. ತರಬೇತಿಗಳು ಅತಿ ಹೆಚ್ಚು ಕುಸಿದುಬೀಳುವುದು ಇಲ್ಲಿಯೇ. ಒಬ್ಬರು ಬಳಸಿ ‘ಇಂಟರ್ನೆಟ್ ಚೆನ್ನಾಗಿದೆ’ ಎಂದು ಹೇಳುವುದಕ್ಕೂ ಇಪ್ಪತ್ತು ಮಂದಿ ಒಮ್ಮೆಲೇ ಬಳಸುವುದಕ್ಕೂ ಬಹಳ ಅಂತರವಿದೆ. 480ಪಿ ಗುಣಮಟ್ಟದ ಒಂದು ವಿಡಿಯೊಗೆ ಸುಮಾರು 1ರಿಂದ 1.5 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಬೇಕು. ಅದೇ ವಿಡಿಯೊ 1080ಪಿ ಆದರೆ ಸುಮಾರು 5 ಎಂಬಿಪಿಎಸ್. ಇಪ್ಪತ್ತು ಯಂತ್ರಗಳಲ್ಲಿ 1080ಪಿ ವಿಡಿಯೊ ತೆರೆದರೆ 100 ಎಂಬಿಪಿಎಸ್ ಸಂಪರ್ಕವೂ ಅಲ್ಲಿಗೆ ಮುಗಿಯಿತು. ಮನೆಬಳಕೆಯ ಸಾಮಾನ್ಯ ವೈಫೈ ರೂಟರ್‌ಗೆ ಇಪ್ಪತ್ತು ಯಂತ್ರಗಳ ಜೊತೆಗೆ ಇಪ್ಪತ್ತು ಜನರ ಮೊಬೈಲ್‌ಗಳೂ ಸೇರಿಕೊಂಡರೆ ಅದು ತಡವರಿಸತೊಡಗುತ್ತದೆ.

ಆದ್ದರಿಂದ ಕದಲದೆ ಒಂದೇ ಕಡೆ ಇರುವ ಯಂತ್ರಗಳನ್ನು ಹಲವು ಯಂತ್ರಗಳ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ನೆಟ್‌ವರ್ಕ್ ಸ್ವಿಚ್ ಮೂಲಕ ಕೇಬಲ್‌ನಿಂದಲೇ ಜೋಡಿಸಿ, ವೈಫೈಯನ್ನು ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ಬಿಡಬೇಕು. ಒಂದು ಎಳೆ ಕೇಬಲ್ 100 ಮೀಟರ್ ಮೀರಬಾರದು. ವೈಫೈಯನ್ನೇ ಅವಲಂಬಿಸಬೇಕಾದಲ್ಲಿ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು, ಅಕ್ಕಪಕ್ಕದ ರೂಟರ್‌ಗಳಿಗೆ ಬೇರೆ ಬೇರೆ ಚಾನೆಲ್ ಕೊಡಬೇಕು. ಸಿಬ್ಬಂದಿಗೆ ಒಂದು ಹೆಸರಿನ ವೈಫೈ, ಹೊರಗಿನಿಂದ ಬರುವವರಿಗೆ ಅತಿಥಿ ವೈಫೈ ಎಂದು ಈಗಲೇ ಬೇರ್ಪಡಿಸಿಡುವುದು ಏಳನೆಯ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ನನ್ನ ಕೈಮೇಲೆಯೇ ಆದ ಒಂದು ಎಡವಟ್ಟನ್ನು ಇಲ್ಲಿ ಹೇಳಬೇಕು. ಒಂದು ಶಾಲೆಯಲ್ಲಿ ಎರಡು ತಿಂಗಳು ಮುಚ್ಚಿದ್ದ ಹದಿನೆಂಟು ಯಂತ್ರಗಳನ್ನು ತರಬೇತಿಯ ದಿನ ಬೆಳಿಗ್ಗೆ ಒಟ್ಟಿಗೆ ಆನ್ ಮಾಡಿದೆವು. ಹದಿನೆಂಟೂ ಬಾಕಿಯಿದ್ದ ವಿಂಡೋಸ್ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳಲು ತೊಡಗಿದವು. ಹನ್ನೊಂದೂವರೆಯವರೆಗೆ ಒಂದು ಪುಟವೂ ತೆರೆದುಕೊಳ್ಳಲಿಲ್ಲ. ಆಮೇಲೆ ಒಂದೊಂದಾಗಿ ಯಂತ್ರಗಳು ತಾವೇ ರೀಸ್ಟಾರ್ಟ್ ಆಗತೊಡಗಿದವು. ಅಂದಿನಿಂದ ತರಬೇತಿಗೆ ಮೂರು ದಿನ ಮುಂಚೆ ಎಲ್ಲ ಯಂತ್ರಗಳನ್ನೂ ಸಂಜೆಯಿಡೀ ಆನ್ ಇಟ್ಟು ಅಪ್‌ಡೇಟ್ ಮುಗಿಸಿಕೊಳ್ಳುತ್ತೇನೆ. ತರಬೇತಿಯ ದಿನದ ಮಟ್ಟಿಗೆ ಜಾಲದ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿಡುತ್ತೇನೆ. ಹಾಗೆ ಮಾಡಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿಯೇ ಇಳಿಯುವುದಿಲ್ಲ. ತರಬೇತಿ ಮುಗಿದ ಮೇಲೆ ಅದನ್ನು ಆಫ್ ಮಾಡಲು ಮರೆಯಬಾರದು.

ಇಂಟರ್ನೆಟ್ ನಂಬಲಾಗದ ಕಡೆ ಪಾಠದ ಸಾಮಗ್ರಿಯನ್ನು ಶಾಲೆಯೊಳಗೇ ಇಟ್ಟುಕೊಳ್ಳುವ ದಾರಿಯಿದೆ. ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶವನ್ನು ಒಂದು ಕಂಪ್ಯೂಟರ್ ಅಥವಾ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈಯಲ್ಲಿ ಸ್ಥಾಪಿಸಿ, ಪಾಠ ಮತ್ತು ವಿಡಿಯೊಗಳನ್ನು ಒಮ್ಮೆ ಇಳಿಸಿಕೊಂಡರೆ, ಉಳಿದ ಯಂತ್ರಗಳು ಇಂಟರ್ನೆಟ್ ಇಲ್ಲದೆಯೂ ಬ್ರೌಸರ್ ಮೂಲಕ ಅವನ್ನು ಬಳಸಬಹುದು. ವಿಕಿಪೀಡಿಯದಂತಹ ತಾಣಗಳ ಪೂರ್ಣ ಪ್ರತಿಯನ್ನು ಇದೇ ರೀತಿ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಇಟ್ಟುಕೊಳ್ಳಬಹುದು. ಕನ್ನಡ ವಿಕಿಪೀಡಿಯದ ಪ್ರತಿಯೂ ಅದರಲ್ಲಿ ಸಿಗುತ್ತದೆ.

ಎಚ್ಚರಿಕೆಯ ಸೂಚನೆ: ಎಲ್ಲ ಯಂತ್ರಗಳಲ್ಲೂ ಒಂದೇ ಸಮಯಕ್ಕೆ ಒಂದೇ ಪುಟವನ್ನು ತೆರೆದು ನೋಡಿರಿ. ಹಿಂದಿನ ಸಾಲಿನ ಕೊನೆಯ ಯಂತ್ರದಲ್ಲಿ ಪುಟ ಬರಲು ಅರ್ಧ ನಿಮಿಷ ಮೀರಿದರೆ, ಜಾಲ ಇನ್ನೂ ತರಬೇತಿಗೆ ಸಿದ್ಧವಾಗಿಲ್ಲ.

ಹಂತ 4: ಖಾತೆಗಳು ಮತ್ತು ಪಾಸ್‌ವರ್ಡ್‌ಗಳು

ತರಬೇತಿಯ ಮೊದಲ ಗಂಟೆಯಲ್ಲಿ ‘ಎಲ್ಲರೂ ಒಂದು ಇಮೇಲ್ ಖಾತೆ ತೆರೆಯಿರಿ’ ಎಂದು ಹೇಳುವ ತರಬೇತುದಾರರು ಆ ದಿನವನ್ನು ಅಲ್ಲಿಯೇ ಕಳೆದುಕೊಂಡಂತೆ. ಒಬ್ಬರ ಮೊಬೈಲ್‌ಗೆ ಸಂದೇಶ ಬರುವುದಿಲ್ಲ, ಇನ್ನೊಬ್ಬರು ಮೊಬೈಲ್ ತಂದಿರುವುದಿಲ್ಲ, ಮತ್ತೊಬ್ಬರಿಗೆ ನೆರವಾಗಲೆಂದು ಪಕ್ಕದವರು ತಮ್ಮ ಸಂಖ್ಯೆ ಕೊಟ್ಟರೆ, ಒಂದೇ ಸಂಖ್ಯೆಯಿಂದ ಕೆಲವು ಖಾತೆಗಳಾದ ಮೇಲೆ ಪರಿಶೀಲನೆಯೇ ನಿಂತುಹೋಗುತ್ತದೆ. ಖಾತೆಗಳೆಲ್ಲ ತರಬೇತಿಗೆ ಒಂದು ವಾರ ಮುಂಚೆಯೇ ಸಿದ್ಧವಾಗಿ, ಪ್ರತಿಯೊಬ್ಬರೂ ಕನಿಷ್ಠ ಒಂದು ಸಲ ಲಾಗಿನ್ ಆಗಿ ನೋಡಿರಬೇಕು.

ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮತ್ತು ಮೈಕ್ರೋಸಾಫ್ಟ್ ಎರಡೂ ಉಚಿತವಾದ ಶಾಲಾ ಆವೃತ್ತಿಯನ್ನು ಕೊಡುತ್ತವೆ. ಅದನ್ನು ಪಡೆದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ತೆರೆಯಬಹುದು, ಪಾಸ್‌ವರ್ಡ್ ಮರೆತವರಿಗೆ ಅಲ್ಲಿಂದಲೇ ಹೊಸದನ್ನು ಕೊಡಬಹುದು. ಈ ಆಡಳಿತದ ಅಧಿಕಾರವು ಇಬ್ಬರ ಕೈಯಲ್ಲಿರಬೇಕು.

ಶಾಲೆಯ ಹೆಸರಿನ ಖಾತೆಗೆ ಒಬ್ಬ ವ್ಯಕ್ತಿಯ ಸ್ವಂತ ಮೊಬೈಲ್ ಸಂಖ್ಯೆಯನ್ನು ಜೋಡಿಸುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಆ ವ್ಯಕ್ತಿ ವರ್ಗವಾಗಿ ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಲು ಹೊರಟರೆ, ಪರಿಶೀಲನಾ ಸಂಕೇತವು ಈಗ ಎಲ್ಲೋ ಇರುವ ಅವರ ಮೊಬೈಲ್‌ಗೆ ಹೋಗುತ್ತದೆ. ಆ ಸಂಖ್ಯೆಯೇ ಬದಲಾಗಿದ್ದರೆ ವರ್ಷಗಳ ದಾಖಲೆಗಳು ಕೈಗೆಟುಕದೆ ಉಳಿಯುತ್ತವೆ. ಇದನ್ನು ತಪ್ಪಿಸಲು ಶಾಲೆಯ ಖಾತೆಗಳಿಗೆ ಶಾಲೆಯದೇ ಆದ ಸಂಖ್ಯೆಯನ್ನು ಕೊಟ್ಟು, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಮೊಬೈಲ್‌ಗೆ ಸಂದೇಶ ಬಾರದಾಗ ಬಳಸುವ ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿ ಇಡಬೇಕು. ಗೂಗಲ್ ಒಂದು ಸಲಕ್ಕೆ 8 ಅಂಕಿಗಳ 10 ಸಂಕೇತಗಳನ್ನು ಕೊಡುತ್ತದೆ. ಒಂದೊಂದನ್ನೂ ಒಂದೇ ಸಲ ಬಳಸಬಹುದು.

ಪಾಸ್‌ವರ್ಡ್ ಕುರಿತು ಹಳೆಯ ಸಲಹೆಯೊಂದನ್ನು ಕೈಬಿಡಬೇಕು. ತಿಂಗಳಿಗೊಮ್ಮೆ ಬದಲಾಯಿಸಿ ಎಂದು ಒತ್ತಾಯಿಸಿದರೆ ಜನ ಹಳೆಯದರ ಕೊನೆಗೆ 1, 2, 3 ಸೇರಿಸುತ್ತಾರೆ ಅಥವಾ ಮಾನಿಟರ್‌ಗೆ ಚೀಟಿ ಅಂಟಿಸುತ್ತಾರೆ. ಸೋರಿಕೆಯಾಗಿದೆಯೆಂಬ ಗುರುತು ಇಲ್ಲದಿದ್ದರೆ ಅವಧಿಗೊಮ್ಮೆ ಬದಲಾಯಿಸುವಂತೆ ಒತ್ತಾಯಿಸಬಾರದೆಂದು ತಂತ್ರಜ್ಞಾನ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯೂ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸೇರಿಸಿದ ಉದ್ದನೆಯ ಪಾಸ್‌ವರ್ಡ್ ನೆನಪಿನಲ್ಲೂ ಉಳಿಯುತ್ತದೆ, ಊಹೆಗೂ ಸಿಗುವುದಿಲ್ಲ. ‘ಪಾಸ್‌ವರ್ಡ್ ತಪ್ಪು’ ಎಂದು ಯಂತ್ರ ಹೇಳಿದಾಗ ಹೊಸದನ್ನು ಕೊಡುವ ಮುನ್ನ ಕೀಬೋರ್ಡ್‌ನ ದೀಪಗಳನ್ನು ನೋಡಿ. ಕ್ಯಾಪ್ಸ್ ಲಾಕ್ ಆನ್ ಆಗಿರುತ್ತದೆ, ಇಲ್ಲವೇ ನಮ್ ಲಾಕ್ ಆಫ್ ಆಗಿ ಬಲಬದಿಯಲ್ಲಿ ಒತ್ತಿದ ಅಂಕಿಗಳು ಮೂಡಿಯೇ ಇರುವುದಿಲ್ಲ. ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುವುದರಿಂದ ಬರೆದವರಿಗೆ ಅದು ಗೊತ್ತಾಗುವುದಿಲ್ಲ.

ಹಂತ 5: ಕನ್ನಡದಲ್ಲಿ ಬರೆಯುವ ವ್ಯವಸ್ಥೆ

ಸಿಬ್ಬಂದಿ ತಯಾರಿಸುವ ಪತ್ರಗಳು ಕನ್ನಡದಲ್ಲಿರುವುದಾದರೆ ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯ ಯುನಿಕೋಡ್ (ಎಲ್ಲ ಯಂತ್ರಗಳಲ್ಲೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವ ಸಂಕೇತ ಪದ್ಧತಿ) ಕೀಬೋರ್ಡ್ ವಿನ್ಯಾಸವನ್ನು ಮೊದಲೇ ಹಾಕಿಡಬೇಕು. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಮೊದಲಿನಿಂದಲೂ ಇದೆ. 2019ರ ಮೇ ಆವೃತ್ತಿಯಿಂದ ಉಚ್ಚಾರಣೆಯಂತೆ ಬರೆಯುವ ಫೊನೆಟಿಕ್ ವಿನ್ಯಾಸವೂ ಸೇರಿದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಮತ್ತೆ ಇಂಗ್ಲಿಷ್‌ಗೆ ಬದಲಾಗುತ್ತದೆ. ಈ ಒಂದು ಕೀಜೋಡಿಯನ್ನು ಮಾನಿಟರ್‌ನ ಅಂಚಿಗೆ ಚೀಟಿ ಮಾಡಿ ಅಂಟಿಸುವುದರಲ್ಲಿ ತಪ್ಪಿಲ್ಲ.

ಇಲ್ಲಿನ ತೊಡಕು ಹಳೆಯ ಫೈಲ್‌ಗಳದು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲೋ ಮೊಬೈಲ್‌ನಲ್ಲೋ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಫೈಲ್ ಹಾಳಾಗಿದೆಯೆಂದು ಅದನ್ನು ಅಳಿಸಿಹಾಕಿದವರಿದ್ದಾರೆ. ಅಳಿಸಬಾರದು, ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಒಮ್ಮೆ ಸರಿನೋಡಿ, ಹೊಸ ಹೆಸರಿನಲ್ಲಿ ಉಳಿಸಿಕೊಳ್ಳಬೇಕು.

ಹಂತ 6: ಸಿಬ್ಬಂದಿಯ ತರಬೇತಿ

ಒಂದು ಅವಧಿಗೆ ಒಂದೇ ಕೆಲಸ. ಅವಧಿ ತೊಂಬತ್ತು ನಿಮಿಷ ಮೀರಬಾರದು. ಒಬ್ಬ ತರಬೇತುದಾರರಿಗೆ ಹನ್ನೆರಡರಿಂದ ಹದಿನೈದು ಮಂದಿಗಿಂತ ಹೆಚ್ಚು ಇರಬಾರದು. ಎರಡು ದಿನ ಸತತವಾಗಿ ನಡೆಸುವುದಕ್ಕಿಂತ ವಾರಕ್ಕೊಂದು ಅವಧಿಯಂತೆ ಐದು ವಾರ ನಡೆಸುವುದು ಮೇಲು, ಏಕೆಂದರೆ ಕಲಿತದ್ದನ್ನು ನಡುವಿನ ದಿನಗಳಲ್ಲಿ ಬಳಸಿ ನೋಡಿ, ಎಡವಿದ ಜಾಗವನ್ನು ಮುಂದಿನ ವಾರ ಕೇಳಲು ಅವಕಾಶವಾಗುತ್ತದೆ.

ಪ್ರತಿ ಅವಧಿಗೂ ಒಂದೇ ಪುಟದ ಕೈಪಿಡಿ ಬೇಕು. ಅದರಲ್ಲಿ ಎಂಟಕ್ಕಿಂತ ಹೆಚ್ಚು ಹಂತಗಳಿರಬಾರದು, ಚಿತ್ರಗಳನ್ನು ಆ ಶಾಲೆಯ ಯಂತ್ರದ ಪರದೆಯಿಂದಲೇ ತೆಗೆದಿರಬೇಕು. ತರಬೇತುದಾರರ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್, ಶಾಲೆಯ ಯಂತ್ರಗಳಲ್ಲಿ ಅದೇ ಬಗೆಯ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಇದ್ದರೆ ಗುಂಡಿಗಳ ಜಾಗವೇ ಬೇರೆಯಾಗಿ, ಕಲಿಯುವವರು ಪುಟಕ್ಕೂ ಪರದೆಗೂ ಹೊಂದಿಸಲಾಗದೆ ಕೈಚೆಲ್ಲುತ್ತಾರೆ. ಕೈಪಿಡಿ ಸಿದ್ಧವಾದ ಮೇಲೆ ಆ ಕೆಲಸವನ್ನು ಎಂದೂ ಮಾಡದ ಒಬ್ಬರ ಕೈಗೆ ಅದನ್ನು ಕೊಟ್ಟು, ಬಾಯಿ ಬಿಡದೆ ಹಿಂದೆ ನಿಂತು ನೋಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಒಂದು ಹಂತ ಬಿಟ್ಟುಹೋಗಿರುತ್ತದೆ.

ಅವಧಿಯನ್ನು ನಡೆಸುವ ಕ್ರಮ ಹೀಗಿರಲಿ. ಮೊದಲ ಹತ್ತು ನಿಮಿಷ ಮುಗಿದ ಕೆಲಸದ ಮಾದರಿಯನ್ನು ತೋರಿಸಿ: ಮೊತ್ತ, ಶೇಕಡಾವಾರು, ಶ್ರೇಣಿ ತಾನಾಗಿಯೇ ಬಂದಿರುವ ಅಂಕಪಟ್ಟಿ. ನಂತರದ ಹದಿನೈದು ನಿಮಿಷ ಪ್ರೊಜೆಕ್ಟರ್‌ನಲ್ಲಿ ಅಕ್ಷರಗಳನ್ನು ದೊಡ್ಡದಾಗಿಸಿ ನಿಧಾನವಾಗಿ ಒಮ್ಮೆ ಮಾಡಿ ತೋರಿಸಿ. ಉಳಿದ ಸಮಯವೆಲ್ಲ ಅವರ ಕೈಗೆ. ಅಭ್ಯಾಸಕ್ಕೆ ಕಲ್ಪಿತ ಹೆಸರುಗಳ ಪಟ್ಟಿ ಕೊಡಬೇಡಿ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಅಂಕಗಳನ್ನೇ ತಂದಿರಲಿ. ಅವಧಿ ಮುಗಿದಾಗ ಮರುದಿನ ಸಲ್ಲಿಸಬೇಕಾದ ನಿಜವಾದ ಪಟ್ಟಿಯೇ ಅವರ ಕೈಯಲ್ಲಿರುತ್ತದೆ.

ಇಬ್ಬರಿಗೆ ಒಂದು ಯಂತ್ರವಿದ್ದಲ್ಲಿ ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲಾಯಿಸಬೇಕೆಂದು ಮೊದಲೇ ಹೇಳಿ, ಗಡಿಯಾರ ನೋಡಿಕೊಂಡು ಬದಲಾಯಿಸುವಂತೆ ಮಾಡಬೇಕು. ಹಾಗೆ ಮಾಡದಿದ್ದರೆ ಬಲ್ಲವರು ಮೌಸ್ ಹಿಡಿದಿರುತ್ತಾರೆ, ಕಲಿಯಬೇಕಾದವರು ನೋಡುತ್ತಿರುತ್ತಾರೆ.

ಮೌಸ್‌ನ ಕುರಿತೇ ಇನ್ನೊಂದು ಮಾತು. ಹಿರಿಯ ಶಿಕ್ಷಕಿಯೊಬ್ಬರು ಫೈಲ್ ಎಲ್ಲಿ ಉಳಿಯಿತೆಂದು ತಿಳಿಯದೆ ಕೈ ಎತ್ತುತ್ತಾರೆ. ತರಬೇತುದಾರ ಬಂದು ಅವರ ಹೆಗಲ ಮೇಲಿಂದ ಬಾಗಿ, ಮೌಸ್ ತನ್ನ ಕೈಗೆ ತೆಗೆದುಕೊಂಡು, ಟಕಟಕ ಮೂರು ಕಡೆ ಒತ್ತಿ, ‘ಇಲ್ಲಿದೆ ನೋಡಿ ಮೇಡಂ’ ಎಂದು ಮುಂದಿನವರ ಬಳಿಗೆ ಹೋಗುತ್ತಾನೆ. ಅವರು ತಲೆಯಾಡಿಸುತ್ತಾರೆ. ಆ ಮೂರು ಕಡೆಗಳು ಯಾವುವೆಂದು ಅವರಿಗೆ ತಿಳಿದಿಲ್ಲ, ಇನ್ನೊಮ್ಮೆ ಕೇಳಲು ಸಂಕೋಚ. ತರಬೇತುದಾರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡಬೇಕೆಂಬುದನ್ನು ನಾನು ನಿಯಮವಾಗಿಯೇ ಮಾಡಿದ್ದೇನೆ: ಬಾಯಲ್ಲಿ ಹೇಳಬಹುದು, ಬೆರಳಿಟ್ಟು ತೋರಿಸಬಹುದು, ಮೌಸ್ ಮುಟ್ಟುವಂತಿಲ್ಲ.

ಎಚ್ಚರಿಕೆಯ ಸೂಚನೆಗಳು: ಅರ್ಧ ಗಂಟೆ ಕಳೆದರೂ ಯಾರೂ ಪ್ರಶ್ನೆ ಕೇಳದಿರುವುದು, ಪರದೆ ಬಿಟ್ಟು ಎಲ್ಲರೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವುದು, ಒಬ್ಬ ಚುರುಕಾದ ಕಿರಿಯ ಶಿಕ್ಷಕರು ನಾಲ್ವರ ಕೆಲಸವನ್ನು ತಾವೇ ಮುಗಿಸಿಕೊಡುತ್ತಿರುವುದು. ಮೂರರಲ್ಲಿ ಒಂದು ಕಂಡರೂ ಮುಂದಿನ ಭಾಗಕ್ಕೆ ಹೋಗದೆ, ಅದೇ ಕೆಲಸವನ್ನು ಮೊದಲಿನಿಂದ ಮಾಡಿಸಬೇಕು.

ಹಂತ 7: ಸಮುದಾಯಕ್ಕೆ ತರಬೇತಿ

ಪೋಷಕರು, ಹಿರಿಯರು, ಶಾಲೆ ಬಿಟ್ಟ ಯುವಕರಿಗಾಗಿ ನಡೆಸುವ ತರಬೇತಿಗೆ ಸಿಬ್ಬಂದಿಯ ಪಾಠವನ್ನೇ ಬಳಸಬಾರದು. ಇವರಲ್ಲಿ ಹೆಚ್ಚಿನವರ ಬಳಿ ಇರುವುದು ಮೊಬೈಲ್. ಕಲಿಸಬೇಕಾದದ್ದೂ ಅವರವರ ಮೊಬೈಲ್‌ನಲ್ಲೇ. ಅಕ್ಷರದ ಗಾತ್ರವನ್ನು ದೊಡ್ಡದು ಮಾಡುವುದು, ಭಾಷೆಯನ್ನು ಬದಲಾಯಿಸುವುದು, ಮಾತಿನಿಂದ ಬರೆಸುವುದು ಎಂಬ ಮೂರನ್ನು ಮೊದಲ ಅರ್ಧ ಗಂಟೆಯಲ್ಲಿ ಮಾಡಿಸಿದರೆ, ಉಳಿದದ್ದನ್ನು ಕಲಿಯುವ ಧೈರ್ಯ ಬರುತ್ತದೆ. ದೃಷ್ಟಿದೋಷವಿರುವವರಿಗೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ವಿಂಡೋಸ್ ಯಂತ್ರದಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಸಿದ್ಧವಿರಲಿ.

ಸಮಯವನ್ನು ಶಾಲೆಯ ಅನುಕೂಲ ನೋಡಿ ಗೊತ್ತುಮಾಡದೆ ಬರುವವರನ್ನು ಕೇಳಿ ಗೊತ್ತುಮಾಡಬೇಕು, ಮಕ್ಕಳು ಶಾಲೆಯಲ್ಲಿರುವ ಹೊತ್ತನ್ನು ತಪ್ಪಿಸಬೇಕು. ಶಾಲೆಯ ಯಂತ್ರಗಳನ್ನು ಬಳಸುವುದಾದರೆ ಅವರಿಗೆ ಪ್ರತ್ಯೇಕ ಖಾತೆ ಮತ್ತು ಮೂರನೆಯ ಹಂತದಲ್ಲಿ ಬೇರ್ಪಡಿಸಿದ ಅತಿಥಿ ವೈಫೈ ಮಾತ್ರ ಸಿಗಬೇಕು. ವಿದ್ಯಾರ್ಥಿಗಳ ಅಂಕ, ವಿಳಾಸ, ಛಾಯಾಚಿತ್ರಗಳಿರುವ ಫೋಲ್ಡರ್ ಆ ಖಾತೆಯಿಂದ ತೆರೆಯುವಂತಿರಬಾರದು.

ಸುರಕ್ಷತೆಯ ಪಾಠವನ್ನು ಭಾಷಣದಂತೆ ಕೊನೆಗೆ ಇಡುವುದು ರೂಢಿ. ಅದರ ಬದಲು ಪ್ರತಿ ಕೆಲಸದ ಒಳಗೇ ಅದನ್ನು ಹೆಣೆಯಬೇಕು. ಒಟಿಪಿ ಬರುವ ಕೆಲಸ ಮಾಡಿಸುವಾಗಲೇ, ಫೋನ್ ಮಾಡಿ ಅದನ್ನು ಕೇಳುವವರು ಯಾರೇ ಆಗಲಿ ಮೋಸಗಾರರೆಂದು ಹೇಳಬೇಕು. ಹಣ ಕಳುಹಿಸುವ ಪರದೆಯನ್ನು ತೋರಿಸುವಾಗಲೇ, ನಮಗೆ ಹಣ ಬರುವುದಾದರೆ ಪಿನ್ ಒತ್ತುವ ಅಗತ್ಯವಿಲ್ಲವೆಂದು ಹೇಳಬೇಕು. ಹೊಸ ಆ್ಯಪ್ ಹಾಕುವಾಗಲೇ, ದೂರದಿಂದ ನಮ್ಮ ಪರದೆಯನ್ನು ನೋಡುವ ಆ್ಯಪ್‌ಗಳನ್ನು ಅಪರಿಚಿತರ ಮಾತು ಕೇಳಿ ಹಾಕಬಾರದೆಂದು ಹೇಳಬೇಕು. ಯಾರ ಬ್ಯಾಂಕ್ ಖಾತೆಯನ್ನೂ ಅಭ್ಯಾಸಕ್ಕೆ ಬಳಸಕೂಡದು. ಯಾರೋ ಒಬ್ಬರು ತಮ್ಮ ಪಿನ್ ಅನ್ನು ತಾವೇ ಹೇಳಿ ‘ನೀವೇ ಹಾಕಿಬಿಡಿ’ ಎನ್ನುತ್ತಾರೆ. ಮೊಬೈಲ್ ಅನ್ನು ಅವರ ಕೈಗೆ ಹಿಂದಿರುಗಿಸಿ, ಅಂದು ಸಂಜೆಯೇ ಪಿನ್ ಬದಲಾಯಿಸಿಕೊಳ್ಳಲು ಹೇಳಬೇಕು.

ಅರ್ಜಿ ಭರ್ತಿ ಮಾಡಲು ಬಂದವರ ಗುರುತಿನ ಚೀಟಿಗಳ ಪ್ರತಿಗಳು ಶಾಲೆಯ ಯಂತ್ರದ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಅವಧಿ ಮುಗಿದ ಕೂಡಲೇ ಲಾಗ್ ಔಟ್ ಮಾಡಿಸಿ, ಆ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿ, ಬ್ರೌಸರ್ ಯಾರದಾದರೂ ಪಾಸ್‌ವರ್ಡ್ ಉಳಿಸಿಕೊಂಡಿದೆಯೇ ಎಂದು ನೋಡುವುದು ತರಬೇತುದಾರರದೇ ಹೊಣೆ.

ಹಂತ 8: ತರಬೇತಿಯ ನಂತರದ ಆರು ವಾರ

ಕಲಿತದ್ದು ಉಳಿಯುವುದೂ ಮರೆತುಹೋಗುವುದೂ ಈ ಅವಧಿಯಲ್ಲಿ ನಿರ್ಧಾರವಾಗುತ್ತದೆ. ವಾರದಲ್ಲಿ ಎರಡು ದಿನ, ಗೊತ್ತುಪಡಿಸಿದ ಒಂದು ಗಂಟೆ, ಕಂಪ್ಯೂಟರ್ ಕೊಠಡಿಯಲ್ಲಿ ಬಲ್ಲವರೊಬ್ಬರು ಕುಳಿತಿರಬೇಕು. ಯಾರೂ ಬರದಿದ್ದರೂ ಕುಳಿತಿರಬೇಕು. ಬಾಗಿಲ ಬಳಿ ಒಂದು ನೆರವಿನ ಪುಸ್ತಕವಿಟ್ಟು ದಿನಾಂಕ, ಯಂತ್ರದ ಸಂಖ್ಯೆ, ತೊಂದರೆ, ಪರಿಹಾರ ಎಂಬ ನಾಲ್ಕು ಅಂಕಣ ಎಳೆಯಿರಿ. ಮೂರು ವಾರ ಕಳೆದ ಮೇಲೆ ಆ ಪುಸ್ತಕವನ್ನು ಓದಿದರೆ, ಒಂದೇ ತೊಂದರೆ ಬೇರೆ ಬೇರೆ ಕೈಬರಹದಲ್ಲಿ ಮರುಕಳಿಸಿರುವುದು ಕಾಣುತ್ತದೆ. ಮುಂದಿನ ತರಬೇತಿಯ ಮೊದಲ ಪಾಠ ಅದೇ.

ಪುಸ್ತಕ ಖಾಲಿಯಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಾರದು. ಯಂತ್ರಗಳನ್ನು ಯಾರೂ ಬಳಸುತ್ತಿಲ್ಲ ಎಂಬುದೇ ಹೆಚ್ಚಿನ ಸಲ ಅದರ ಅರ್ಥ. ತರಬೇತಿಯ ಯಶಸ್ಸನ್ನು ಹಾಜರಿಯಿಂದ ಅಳೆಯದೆ, ಮೊದಲ ಹಂತದಲ್ಲಿ ಆರಿಸಿದ ಐದು ಕೆಲಸಗಳ ಪೈಕಿ ಎಷ್ಟನ್ನು ಈಗ ಎಷ್ಟು ಮಂದಿ ಯಾರ ನೆರವೂ ಇಲ್ಲದೆ ಮಾಡುತ್ತಿದ್ದಾರೆ ಎಂದು ಎಣಿಸಬೇಕು.

ಹಂತ 9: ಬ್ಯಾಕಪ್, ನಿರ್ವಹಣೆ, ಹಸ್ತಾಂತರ

ಮುಖ್ಯ ದಾಖಲೆಗಳ ಮೂರು ಪ್ರತಿ, ಎರಡು ಬಗೆಯ ಸಂಗ್ರಹ ಮಾಧ್ಯಮ, ಒಂದು ಪ್ರತಿ ಶಾಲೆಯ ಕಟ್ಟಡದ ಹೊರಗೆ: ಬ್ಯಾಕಪ್‌ಗೆ ಇಷ್ಟು ಸಾಕು. ಆದರೆ ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್‌ನಿಂದ ಹಿಂದಕ್ಕೆ ತಂದು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಡಿಸ್ಕ್‌ನಿಂದ ಟಿಕ್‌ಟಿಕ್ ಸದ್ದು ಬರುತ್ತಿದ್ದರೆ ಆ ಯಂತ್ರದಲ್ಲಿ ಬೇರೆ ಕೆಲಸವೆಲ್ಲ ನಿಲ್ಲಿಸಿ, ಫೈಲ್‌ಗಳನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಯಂತ್ರವನ್ನು ವಿಲೇವಾರಿ ಮಾಡುವಾಗ ತ್ವರಿತ ಫಾರ್ಮ್ಯಾಟ್ ಸಾಲದು, ಅಳಿಸಿದ ಫೈಲ್‌ಗಳನ್ನು ಮರಳಿ ಪಡೆಯಲು ಸಾಧ್ಯವಿರುವುದರಿಂದ ಡಿಸ್ಕನ್ನು ಹೊರತೆಗೆದು ಬೇರೆಯಾಗಿಯೇ ನಾಶಪಡಿಸಬೇಕು.

ಆರಂಭದಲ್ಲಿ ಇಬ್ಬರು ಬೇಕೆಂದದ್ದು ಹಸ್ತಾಂತರದ ಕಾರಣಕ್ಕೆ. ಎಲ್ಲವನ್ನೂ ಬಲ್ಲ ಒಬ್ಬರು ವರ್ಗವಾದ ವಾರವೇ ಕೊಠಡಿ ಮುಚ್ಚಿಹೋದ ಶಾಲೆಗಳಿವೆ. ಆದ್ದರಿಂದ ವರ್ಗಾವಣೆಯ ಸುದ್ದಿ ಬರುವುದಕ್ಕೆ ಬಹಳ ಮುಂಚೆಯೇ ಒಂದು ಹಸ್ತಾಂತರದ ಕಡತ ಸಿದ್ಧವಿರಬೇಕು. ಅದರಲ್ಲಿ ದಾಸ್ತಾನು ಪುಸ್ತಕ, ಜಾಲದ ನಕ್ಷೆ, ಐದು ಕೈಪಿಡಿಗಳು, ನೆರವಿನ ಪುಸ್ತಕ ಇರಬೇಕು. ಬ್ಯಾಕಪ್ ಸಂಕೇತಗಳ ಮೊಹರು ಮಾಡಿದ ಲಕೋಟೆ ಯಾವ ಬೀರುವಿನ ಯಾವ ಖಾನೆಯಲ್ಲಿದೆ, ಆ ಬೀರುವಿನ ಕೀಲಿ ಯಾರ ಬಳಿಯಿದೆ ಎಂಬುದನ್ನೂ ಬರೆದಿಡಬೇಕು. ವರ್ಷಕ್ಕೊಮ್ಮೆ, ಬಲ್ಲವರು ರಜೆಯಲ್ಲಿರುವ ಒಂದು ದಿನ, ಎರಡನೆಯವರು ಆ ಕಡತವೊಂದನ್ನೇ ಇಟ್ಟುಕೊಂಡು ಕೊಠಡಿಯನ್ನು ತೆರೆದು ಎಲ್ಲ ಯಂತ್ರಗಳನ್ನೂ ಕೆಲಸಕ್ಕೆ ಸಿದ್ಧಪಡಿಸಿ ನೋಡಲಿ. ಎಲ್ಲಿ ಫೋನ್ ಮಾಡಿ ಕೇಳಬೇಕಾಯಿತೋ ಆ ಸಂಗತಿಯನ್ನು ಅದೇ ದಿನ ಕಡತಕ್ಕೆ ಸೇರಿಸಬೇಕು.